ಮನೆಯೇ ಗರಡಿ

ಒಂದು ಕಾರ್ಯವನ್ನು ಬಹು ಉತ್ಸಾಹದಿಂದ ತೊಡಗಿ, ನಾಲ್ಕೇ ದಿನಗಳಲ್ಲಿ ಕೈಬಿಡುವ ಸ್ವಭಾವಕ್ಕೆ ಹಿರಿಯರು ಆರಂಭಶೂರತ್ವವೆಂದು ಹೆಸರಿಟ್ಟರು. ವ್ಯಾಯಾಮದ ವಿಷಯದಲ್ಲಿ ಈ ದೋಷವು ಎದ್ದು ಕಾಣುತ್ತದೆ. ಮೊದಲ ದಿನವೇ ನೂರು ಬಸ್ಕಿ ಹೊಡೆದವನು ಮರುದಿನ ಮೆಟ್ಟಿಲಿಳಿಯಲಾರದೆ ನರಳುತ್ತಾನೆ. ಮೂರನೆಯ ದಿನ, ವ್ಯಾಯಾಮವು ತನಗೆ ಒಗ್ಗದೆಂದು ತೀರ್ಮಾನಿಸಿಬಿಡುತ್ತಾನೆ. ಅವನಿಗಿದ್ದುದು ಶಕ್ತಿಯ ಕೊರತೆಯಲ್ಲ, ಕ್ರಮದ ಕೊರತೆ.

ಹರಿಹರ ತಾಲ್ಲೂಕಿನ ನಂದಿಗುಡಿಯ ಸುತ್ತಮುತ್ತಲಿನದು ತುಂಗಭದ್ರೆಯ ನೆರೆಯ ಭತ್ತದ ಸೀಮೆ. ಹಿಂದೆ ಇಂತಹ ಊರುಗಳಲ್ಲಿ ನಾಟಿ, ಕೊಯ್ಲು, ಒಕ್ಕಣೆ, ಮೂಟೆ ಹೊರುವುದು ಇವೆಲ್ಲವೂ ಮೈಮುರಿದು ಮಾಡಬೇಕಾದ ದುಡಿಮೆಗಳಾಗಿದ್ದವು. ಪ್ರತ್ಯೇಕ ವ್ಯಾಯಾಮದ ಅಗತ್ಯ ಹಲವರಿಗೆ ತೋರುತ್ತಿರಲಿಲ್ಲ. ಇಂದು ಆ ಕೆಲಸಗಳಲ್ಲಿ ಅನೇಕವನ್ನು ಯಂತ್ರಗಳು ಮಾಡುತ್ತವೆ. ಶ್ರಮ ಹಗುರವಾದುದು ಸಂತೋಷದ ಸಂಗತಿಯೇ ಸರಿ. ಆದರೆ ದುಡಿಮೆಯಿಂದ ತಾನಾಗಿ ದೊರೆಯುತ್ತಿದ್ದ ಬಲವನ್ನು ಈಗ ನಾವು ಪ್ರಯತ್ನಪಟ್ಟು ಗಳಿಸಬೇಕಾಗಿದೆ. 11ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವಂತೆ ಚಟುವಟಿಕೆಯಿಂದಿರಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2016ರ ಅಂಕಿ-ಅಂಶಗಳಂತೆ, ಜಗತ್ತಿನಲ್ಲಿ ಈ ವಯಸ್ಸಿನ ನೂರು ಮಕ್ಕಳಲ್ಲಿ 81 ಮಂದಿ ಸಾಕಷ್ಟು ಚಟುವಟಿಕೆಯಿಲ್ಲದವರು.

ದಾವಣಗೆರೆಯ ಸೀಮೆ ಕುಸ್ತಿಗೆ ಹೆಸರಾದುದು. ಗರಡಿಮನೆಯ ಉಪಕರಣಗಳನ್ನು ಗಮನಿಸಿದರೆ ಅವುಗಳ ಸರಳತೆ ವಿಸ್ಮಯವನ್ನುಂಟುಮಾಡುತ್ತದೆ. ಹದಗೊಳಿಸಿದ ಕೆಂಪು ಮಣ್ಣು, ಒಂದೆರಡು ಗದೆ, ಕಲ್ಲಿನ ಗುಂಡು. ಇವುಗಳ ಜೊತೆಗೆ ತನ್ನ ದೇಹಭಾರವನ್ನೇ ಬಳಸುವ ದಂಡ ಮತ್ತು ಬಸ್ಕಿ. ಇಷ್ಟರಿಂದಲೇ ಪೈಲ್ವಾನರು ಸಿದ್ಧರಾದರು. ಗರಡಿಯ ನಿಜವಾದ ಬಲವಿದ್ದುದು ಅದರ ಕಟ್ಟುಪಾಡಿನಲ್ಲಿ. ನಿಗದಿಯಾದ ಹೊತ್ತು, ನಿಗದಿಯಾದ ಸ್ಥಳ, ಜೊತೆಗಾರರ ಸಹವಾಸ, ತಪ್ಪನ್ನು ತಿದ್ದುವ ವಸ್ತಾದರ ಕಣ್ಣು ಇವು ನಾಲ್ಕೂ ಸೇರಿ, ಮನಸ್ಸಿಲ್ಲದ ದಿನವೂ ಶಿಷ್ಯನನ್ನು ಮಣ್ಣಿಗಿಳಿಸುತ್ತಿದ್ದವು. ಆದರೆ ಗರಡಿಯು ಎಲ್ಲ ಊರುಗಳಲ್ಲಿಯೂ ಇರಲಿಲ್ಲ. ಇದ್ದೆಡೆಯಲ್ಲಿಯೂ ಅದರ ಬಾಗಿಲು ಸಾಮಾನ್ಯವಾಗಿ ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ.

ವ್ಯಾಯಾಮದ ಶಿಕ್ಷಣವನ್ನು ಮನೆಗೇ ತಲುಪಿಸಿದವರಲ್ಲಿ ಪ್ರೊಫೆಸರ್ ಕೆ.ವಿ. ಅಯ್ಯರ್ ಅವರು ಸ್ಮರಣೀಯರು. ಕೋಲಾರ ಸೀಮೆಯವರಾದ ಇವರು ಬೆಂಗಳೂರಿನಲ್ಲಿ ‘ಹರ್ಕ್ಯುಲಿಸ್ ಜಿಮ್ನೇಸಿಯಂ’ ಎಂಬ ವ್ಯಾಯಾಮಶಾಲೆಯನ್ನು ನಡೆಸಿದರು. ಅಷ್ಟಕ್ಕೇ ತೃಪ್ತರಾಗದೆ, ದೂರದ ಊರುಗಳವರಿಗೆ ಅಂಚೆಯ ಮೂಲಕ ಪಾಠಗಳನ್ನು ಕಳುಹಿಸುವ ಏರ್ಪಾಡು ಮಾಡಿದರು. ಆಧುನಿಕ ದೇಹದಾರ್ಢ್ಯ ಕಲೆಯನ್ನೂ ನಮ್ಮ ಯೋಗಾಸನಗಳನ್ನೂ ಅವರು ಒಂದುಗೂಡಿಸಿದರು. 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತು ಪುಸ್ತಕ ಪ್ರಕಟಿಸಿದರು. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕರ್ತೃವೂ ಅವರೇ. ಮೈಕಟ್ಟಿನ ಸಾಧನೆಗೂ ಸಾಹಿತ್ಯದ ಸಾಧನೆಗೂ ವಿರೋಧವಿಲ್ಲವೆಂಬುದಕ್ಕೆ ಅವರ ಜೀವನವೇ ನಿದರ್ಶನ.

ಆದರೂ ಮನೆಯಲ್ಲಿ ಅಭ್ಯಾಸ ಮಾಡುವವನನ್ನು ಎಬ್ಬಿಸಲು ವಸ್ತಾದರಿಲ್ಲ. ಅಲ್ಲದೆ, ಫಲವು ಬೇಗನೆ ಕಣ್ಣಿಗೆ ಬೀಳದು. ಇದಕ್ಕೆ ದೇಹದ ರಚನೆಯಲ್ಲಿಯೇ ಕಾರಣವಿದೆ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲವು ಬಹುಮಟ್ಟಿಗೆ ನರಮಂಡಲದ್ದು. ಇರುವ ಸ್ನಾಯುಗಳನ್ನು ಚೆನ್ನಾಗಿ ದುಡಿಸಿಕೊಳ್ಳಲು ನರಗಳು ಕಲಿಯುತ್ತವೆ. ಸ್ನಾಯುಗಳು ಬೆಳೆದು ಕಾಣಿಸುವುದು ಅನಂತರ. ಕನ್ನಡಿಯನ್ನು ನಂಬಿದವನು ಈ ನಡುವಿನ ಕಾಲದಲ್ಲಿ ನಿರಾಶನಾಗುತ್ತಾನೆ. ಲೆಕ್ಕವನ್ನು ನಂಬಿದವನಾದರೋ, ಕಳೆದ ವಾರ ಐದಿದ್ದ ದಂಡ ಈ ವಾರ ಏಳಾಯಿತೆಂದು ಹಿಗ್ಗುತ್ತಾನೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಅಭ್ಯಸಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶವೂ ಇಲ್ಲಿ ಗಮನಾರ್ಹ. ಹೊಸ ನಡವಳಿಕೆಯೊಂದು ತಾನಾಗಿ ನಡೆಯುವ ರೂಢಿಯಾಗಲು ಸರಾಸರಿ 66 ದಿನಗಳು ಬೇಕೆಂದು ಅವರು ಅಂದಾಜು ಮಾಡಿದರು. ಕೆಲವರಿಗೆ 18 ದಿನಗಳು ಸಾಕಾದರೆ, ಕೆಲವರಿಗೆ ಇನ್ನೂರಕ್ಕೂ ಮಿಗಿಲಾದ ದಿನಗಳು ಬೇಕೆಂದು ಕಂಡುಬಂದಿತು. ನಡುವೆ ಒಂದು ದಿನ ತಪ್ಪಿದ ಮಾತ್ರಕ್ಕೆ ರೂಢಿ ಕೆಡಲಿಲ್ಲ. ಆದ್ದರಿಂದ ತಪ್ಪಿದ ದಿನಕ್ಕಾಗಿ ಮರುಗುತ್ತ ಕೂರದೆ, ಮರುದಿನ ಮುಂದುವರಿಸುವುದೇ ವಿವೇಕ.

ಹಾಗಾದರೆ ಮನೆಯಲ್ಲಿ ಗರಡಿಯ ಕ್ರಮವನ್ನು ನೆಲೆಗೊಳಿಸುವುದು ಹೇಗೆ? ಮೊದಲನೆಯದಾಗಿ, ದಿನವೂ ತಪ್ಪದೆ ನಡೆಯುವ ಕೆಲಸವೊಂದಕ್ಕೆ ವ್ಯಾಯಾಮವನ್ನು ಜೋಡಿಸಬೇಕು. ಹಲ್ಲುಜ್ಜಿದೊಡನೆ ಹತ್ತು ಬಸ್ಕಿ ಎಂಬ ನಿಯಮ ಸಾಕು. ಎರಡನೆಯದಾಗಿ, ಸುಲಭದಿಂದ ಕಠಿಣಕ್ಕೆ ಸಾಗಬೇಕು. ದಂಡ ತೆಗೆಯಲು ಬಾರದವರು ಮೊದಲು ಗೋಡೆಗೆ ಕೈಯೂರಿ ಮಾಡಲಿ, ಬಳಿಕ ಜಗಲಿಯ ಅಂಚಿಗೆ, ಕೊನೆಗೆ ನೆಲಕ್ಕೆ. ಕೈಯೂರುವ ಎಡೆ ತಗ್ಗಿದಷ್ಟೂ ತೋಳಿನ ಮೇಲೆ ಬೀಳುವ ಭಾರ ಹೆಚ್ಚುತ್ತದೆ. ಮೂರನೆಯದಾಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಅಂದಂದಿನ ಎಣಿಕೆಯನ್ನು ಬರೆದಿಡಬೇಕು. ನಾಲ್ಕನೆಯದಾಗಿ, ಅಣ್ಣನೋ ತಂಗಿಯೋ ನೆರೆಯ ಗೆಳೆಯನೋ ಜೊತೆಗಿರಲಿ. ಒಬ್ಬರು ಸೋಮಾರಿಯಾದ ದಿನ ಮತ್ತೊಬ್ಬರು ಎಬ್ಬಿಸುತ್ತಾರೆ. ನೋವು ಕಾಣಿಸಿದರೆ ಮಾತ್ರ ನಿಲ್ಲಿಸಿ ಹಿರಿಯರಿಗೆ ತಿಳಿಸಬೇಕು.

ಹನಿಹನಿ ಕೂಡಿದರೆ ಹಳ್ಳವೆಂಬ ಗಾದೆ ಹಣಕ್ಕೆ ಅನ್ವಯಿಸುವಂತೆ ಬಲಕ್ಕೂ ಅನ್ವಯಿಸುತ್ತದೆ. ಉತ್ಸಾಹವು ಬಂದು ಹೋಗುವ ಅತಿಥಿ. ಕ್ರಮವು ಮನೆಯಲ್ಲಿಯೇ ನೆಲೆಸುವ ಬಂಧು. ಆ ಬಂಧುವನ್ನು ಬರಮಾಡಿಕೊಂಡ ಮನೆಯೇ ಗರಡಿಯಾಗುತ್ತದೆ.

ಅಭ್ಯಾಸ

1. ಗರಡಿಯ ನಿಜವಾದ ಬಲ ಯಾವುದರಲ್ಲಿತ್ತು?
2. ಕೆ.ವಿ. ಅಯ್ಯರ್ ಅವರ ಸಾಧನೆಗಳನ್ನು ವಿವರಿಸಿ.
3. ಆರಂಭದಲ್ಲಿ ಕನ್ನಡಿಗಿಂತ ಲೆಕ್ಕವನ್ನು ನಂಬಬೇಕು, ಏಕೆ?
4. ‘ಆರಂಭಶೂರತ್ವ’, ‘ನಿದರ್ಶನ’ ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿ.