ಲ್ಯಾಪ್‌ಟಾಪ್ ಹಿಡಿದು ಕಾರಿನೊಳಗೆ: ಮೊದಲು ಓದಿ, ಆಮೇಲೆ ಬದಲಿಸಿ

ವಾರವಿಡೀ ಲೋಕಲ್ ರೈಲು, ಭಾನುವಾರ ಕಾರು, ಮೇ ತಿಂಗಳಲ್ಲಿ ಊರು. ದಾದರ್, ಮಾಟುಂಗಾ ಕಡೆಯ ಎಷ್ಟೋ ಕನ್ನಡಿಗರ ಮನೆಯ ಕಾರಿನ ದಿನಚರಿ ಇಷ್ಟೇ. ಹಾಗಾಗಿ ಅದರಲ್ಲಿರುವ ಸಣ್ಣಪುಟ್ಟ ಕಿರಿಕಿರಿಗಳನ್ನು ‘ಸರ್ವಿಸ್‌ಗೆ ಕೊಟ್ಟಾಗ ನೋಡೋಣ’ ಎಂದು ಮುಂದೂಡುತ್ತಲೇ ಇರುತ್ತೇವೆ. ಗಲ್ಲಿಯಲ್ಲಿ ಕಾರು ನಿಲ್ಲಿಸಿ ಲಾಕ್ ಮಾಡಿದೊಡನೆ ಹೆಡ್‌ಲೈಟ್ ಆರಿಹೋಗುತ್ತದೆ, ಗೇಟಿನವರೆಗೆ ಕತ್ತಲಲ್ಲಿ ತಡಕಾಡಬೇಕು. ಮಳೆ ಹನಿಯುವಾಗ ಕಿಟಕಿ ಒಂದಿಂಚು ತೆರೆದಿದ್ದರೆ ಮೂರನೇ ಮಹಡಿಯಿಂದ ಇಳಿದು ಬಂದು ಇಗ್ನಿಷನ್ ಹಾಕಿಯೇ ಮುಚ್ಚಬೇಕು. ಹೆದ್ದಾರಿಯಲ್ಲಿ ಲೇನ್ ಬದಲಿಸಲು ಇಂಡಿಕೇಟರನ್ನು ತುಸು ತಟ್ಟಿದರೆ ಮೂರು ಸಲ ಮಿಣುಕಿ ಸುಮ್ಮನಾಗುತ್ತದೆ, ಹಿಂದಿನ ಟ್ರಕ್ಕಿನವನಿಗೆ ಅದು ಕಂಡಿತೋ ಇಲ್ಲವೋ ದೇವರೇ ಬಲ್ಲ.

ಅನೇಕ ಕಾರುಗಳಲ್ಲಿ ಇವುಗಳಿಗೆ ಹೊಸ ಬಿಡಿಭಾಗ ಬೇಕಿಲ್ಲ. ಕಂಪನಿಗಳು ಒಂದೇ ಬಗೆಯ ಕಂಟ್ರೋಲ್ ಮಾಡ್ಯೂಲನ್ನು ಹಲವು ದೇಶಗಳಿಗೆ, ಹಲವು ವೇರಿಯಂಟ್‌ಗಳಿಗೆ ಬಳಸುತ್ತವೆ. ಯಾವ ಸೌಲಭ್ಯ ಆನ್, ಯಾವುದು ಆಫ್ ಎಂಬುದನ್ನು ಕಾರ್ಖಾನೆಯಲ್ಲೇ ಅದರೊಳಗೆ ಬರೆದು ಕಳಿಸುತ್ತವೆ. ಆ ಬರಹವನ್ನು ಓದಿ ತಿದ್ದಲು ಒಂದು ಲ್ಯಾಪ್‌ಟಾಪ್, ಒಂದು ಸರಿಯಾದ ಕೇಬಲ್, ಅರ್ಧ ದಿನದ ತಾಳ್ಮೆ ಸಾಕು. ತಾಳ್ಮೆ ಇಲ್ಲದವರು ಇಲ್ಲಿಗೇ ಓದು ನಿಲ್ಲಿಸಬಹುದು. ಈ ಕೆಲಸದಲ್ಲಿ ತಿದ್ದುವುದು ಒಂದು ಪಾಲಾದರೆ ಓದಿ ಬರೆದಿಟ್ಟುಕೊಳ್ಳುವುದು ಒಂಬತ್ತು ಪಾಲು.

ಯಾವ ಕಾರಿಗೆ ಯಾವ ಸಾಫ್ಟ್‌ವೇರ್?

ಸ್ಟೀರಿಂಗ್ ಕೆಳಗೆ, ಸಾಮಾನ್ಯವಾಗಿ ಬಾನೆಟ್ ತೆರೆಯುವ ಲಿವರ್‌ನ ಆಸುಪಾಸಿನಲ್ಲಿ, 16 ಪಿನ್‌ಗಳ ಒಂದು ಸಾಕೆಟ್ ಇರುತ್ತದೆ. ಅದೇ ಒಬಿಡಿ ಪೋರ್ಟ್. ಅಮೆರಿಕದಲ್ಲಿ ಇದು 1996ರ ಮಾಡೆಲ್‌ಗಳಿಂದ ಕಡ್ಡಾಯವಾಯಿತು. ನಮ್ಮಲ್ಲಿ ಬಿಎಸ್-4 ನಿಯಮದೊಂದಿಗೆ 2010ರ ಏಪ್ರಿಲ್‌ನಲ್ಲಿ ಮೊದಲ ಹಂತ, 2013ರ ಏಪ್ರಿಲ್‌ನಲ್ಲಿ ಎರಡನೇ ಹಂತ ಬಂತು. ನಿಯಮ ಕೇಳುವುದು ಹೊಗೆಗೆ ಸಂಬಂಧಿಸಿದ ದೋಷಗಳನ್ನು ಯಾರು ಬೇಕಾದರೂ ಓದುವಂತಿರಬೇಕು ಎಂದಷ್ಟೇ. ಕಿಟಕಿ, ದೀಪ, ಬಾಗಿಲುಗಳ ಸೆಟ್ಟಿಂಗ್ ಆಯಾ ಕಂಪನಿಯ ಸ್ವಂತ ಭಾಷೆಯಲ್ಲಿರುತ್ತದೆ. ಆದ್ದರಿಂದಲೇ ಎಲ್ಲ ಕಾರಿಗೂ ಹೊಂದುವ ಒಂದೇ ಸಾಫ್ಟ್‌ವೇರ್ ಇಲ್ಲ.

ಪುಣೆ ಬಳಿಯ ಚಾಕಣ್ ಕಾರ್ಖಾನೆಯಿಂದ ಬಂದ ಪೋಲೊ, ವೆಂಟೊ, ರ್‍ಯಾಪಿಡ್, ಔರಂಗಾಬಾದಿನಿಂದ ಬಂದ ಲಾರಾ, ಆಕ್ಟೇವಿಯಾ, ಸೂಪರ್ಬ್ ಇದ್ದವರು ಅದೃಷ್ಟವಂತರು. ಇವುಗಳಿಗೆ ಅಮೆರಿಕದ ರಾಸ್-ಟೆಕ್ ಕಂಪನಿಯ ವಿಸಿಡಿಎಸ್ ಇದೆ. ಮೊಬೈಲ್‌ನಲ್ಲೇ ಮಾಡುವವರಿಗೆ ಒಬಿಡಿ-ಇಲೆವೆನ್ ಇದೆ. ಫೋರ್ಡ್ 2021ರಲ್ಲಿ ಭಾರತದ ಉತ್ಪಾದನೆ ನಿಲ್ಲಿಸುವುದಾಗಿ ಸಾರಿದರೂ ಇಕೋಸ್ಪೋರ್ಟ್, ಎಂಡೆವರ್ ಮಾಲೀಕರಿಗೆ ಫೋರ್‌ಸ್ಕ್ಯಾನ್ ಇದೆ. ಬಿಎಂಡಬ್ಲ್ಯುಗೆ ಬಿಮ್ಮರ್‌ಕೋಡ್ ಇದೆ. ಮಾರುತಿ, ಟಾಟಾ, ಮಹೀಂದ್ರಾದವರಿಗೆ ಮನೆಯಲ್ಲಿ ಮಾಡುವಂಥದ್ದು ಹೆಚ್ಚಾಗಿ ದೋಷದ ಕೋಡ್ ಓದುವುದು, ಎಂಜಿನ್ ತಾಪ, ಬ್ಯಾಟರಿ ವೋಲ್ಟೇಜ್ ನೋಡುವುದು. ಅದಕ್ಕೆ ಟಾರ್ಕ್‌ನಂಥ ಆ್ಯಪ್ ಸಾಕು. ಮೊದಲು ಕಾರಿನ ಕೈಪಿಡಿ ತೆರೆದು ನೋಡುವುದು ಎಲ್ಲರಿಗೂ ಒಳ್ಳೆಯದು. ಆಟೊ-ಲಾಕ್, ದೀಪ ಆರುವ ಸಮಯ ಮುಂತಾದವು ಮೀಟರಿನ ಮೆನುವಿನಲ್ಲೇ ಸಿಗುವ ಕಾರುಗಳು ಬೇಕಾದಷ್ಟಿವೆ. ಇದ್ದ ಮೆನು ಬಿಟ್ಟು ಕೇಬಲ್ ಹುಡುಕಿಕೊಂಡು ಹೋಗುವವರೂ ಬೇಕಾದಷ್ಟಿದ್ದಾರೆ!

ಕೇಬಲ್‌ನಲ್ಲಿ ಜಿಪುಣತನ ಬೇಡ

ಲ್ಯಾಮಿಂಗ್ಟನ್ ರೋಡಿನಲ್ಲಿ ಸುತ್ತಾಡಿದರೆ ಕೆಲವು ನೂರು ರೂಪಾಯಿಗೆ ಇಎಲ್‌ಎಂ-327 ಎಂದು ಬರೆದ ನೀಲಿ ಬ್ಲೂಟೂತ್ ಅಡಾಪ್ಟರ್ ಸಿಗುತ್ತದೆ. ಮೂಲ ಚಿಪ್ ಕೆನಡಾದ ಕಂಪನಿಯದು, ಅಗ್ಗಕ್ಕೆ ಸಿಗುವವೆಲ್ಲ ಅದರ ನಕಲು. ದೋಷದ ಕೋಡ್ ಓದಲು ಇವು ನಡೆದೀತು. ಮಾಡ್ಯೂಲಿಗೆ ಬರೆಯಲು ಮಾತ್ರ ಇವನ್ನು ನಂಬಬೇಡಿ, ಅರ್ಧ ಬರೆದಾಗ ಸಂಪರ್ಕ ಕಡಿದರೆ ತಾಪತ್ರಯ. ನಕಲಿ ವಿಸಿಡಿಎಸ್ ಕೇಬಲ್‌ಗೂ ಇದೇ ಮಾತು. ಅದರ ಜೊತೆ ಬರುವ ಕದ್ದ ಸಾಫ್ಟ್‌ವೇರ್ ಹಳೆಯದಾಗಿರುತ್ತದೆ, ನಿಮ್ಮ ಕಾರಿನ ಮಾಡ್ಯೂಲ್ ಅದಕ್ಕಿಂತ ಹೊಸದಾಗಿದ್ದರೆ ಪರದೆಯಲ್ಲಿ ಕಾಣುವ ವಿವರಣೆಯೇ ತಪ್ಪಾಗಿರಬಹುದು.

ವಿಸಿಡಿಎಸ್‌ನ ಅಸಲಿ ಹೆಕ್ಸ್-ವಿ2 ಕೇಬಲ್‌ಗೆ ಐದಂಕಿ ದುಡ್ಡು ಬೇಕು, ನಿಜ. ಆದರೆ ಅದರ ಚಿಕ್ಕ ಆವೃತ್ತಿ ಮೂರು ಕಾರುಗಳ ಚಾಸಿ ನಂಬರಿಗೆ ನಡೆಯುತ್ತದೆ. ಕಟ್ಟಡದ ಮೂವರು ಸೇರಿ ಕೊಂಡರೆ ಭಾರವೆನಿಸದು. ಫೋರ್ಡ್‌ನವರು ಎರಡೂ ಜಾಲಗಳಿಗೆ (ಎಂಜಿನ್ ಕಡೆಯ ವೇಗದ ಕ್ಯಾನ್, ಬಾಗಿಲು-ದೀಪಗಳ ಕಡೆಯ ಮಧ್ಯಮ ವೇಗದ ಕ್ಯಾನ್) ಹೋಗಬಲ್ಲ ಅಡಾಪ್ಟರ್ ಕೊಳ್ಳಬೇಕು. ಒಬಿಡಿಲಿಂಕ್ ಇಎಕ್ಸ್ ಅಂಥದ್ದು. ಫೋರ್‌ಸ್ಕ್ಯಾನ್‌ನಲ್ಲಿ ಸೆಟ್ಟಿಂಗ್ ಬದಲಿಸಲು ವಿಸ್ತೃತ ಲೈಸೆನ್ಸ್ ಸಹ ಬೇಕಾಗುತ್ತದೆ.

ಕುಳಿತುಕೊಳ್ಳುವ ಮುನ್ನ

ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ 1898ರಲ್ಲಿ ಹುಟ್ಟಿ ಮುಂದೆ ದಾದರ್-ಮಾಟುಂಗಾದ ಬಡಾವಣೆಗಳನ್ನು ಯೋಜಿಸುವಾಗ ಮನೆಗೊಂದು ಕಾರು ಬರುವ ಕಾಲ ಯಾರ ಕಣ್ಣಿಗೂ ಕಂಡಿರಲಿಲ್ಲ. ಹೀಗಾಗಿ ನಮ್ಮಲ್ಲಿ ಅನೇಕರ ಕಾರಿಗೆ ಗ್ಯಾರೇಜೂ ಇಲ್ಲ, ಪ್ಲಗ್ ಪಾಯಿಂಟೂ ಇಲ್ಲ, ರಸ್ತೆ ಬದಿಯೇ ಗತಿ. ಕೋಡಿಂಗ್ (ಅಂದರೆ ಮಾಡ್ಯೂಲಿನ ಸೆಟ್ಟಿಂಗ್ ತಿದ್ದುವುದು) ಮಾಡುವಾಗ ಇಗ್ನಿಷನ್ ಆನ್, ಎಂಜಿನ್ ಆಫ್ ಇರಬೇಕಾದ್ದರಿಂದ ಕಾರಿನ ಬ್ಯಾಟರಿಯೊಂದೇ ಆಸರೆ. ವಾರವಿಡೀ ನಿಂತ ಕಾರಿನ ಬ್ಯಾಟರಿ ಸೊರಗಿರುತ್ತದೆ. ಬೆಳಿಗ್ಗೆ ವರ್ಲಿ ಕಡೆಗೋ ಸಾಯನ್ ಕಡೆಗೋ ಒಂದು ಉದ್ದನೆಯ ಸುತ್ತು ಹೊಡೆದು ಬಂದು ಸ್ವಲ್ಪ ಹೊತ್ತು ಬಿಟ್ಟು ವೋಲ್ಟೇಜ್ ನೋಡಿ. 12.4ಕ್ಕಿಂತ ಕೆಳಗಿದ್ದರೆ ಆ ದಿನ ಬರೆಯುವ ಕೆಲಸ ಬೇಡ, ಓದಿ ಎದ್ದುಬಿಡಿ.

ಎಸಿ ಬ್ಲೋವರ್, ಹೆಡ್‌ಲೈಟ್, ಮ್ಯೂಸಿಕ್ ಆಫ್ ಮಾಡಿ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ತಾನಾಗಿ ನಿದ್ದೆಗೆ ಜಾರುವುದನ್ನೂ ವಿಂಡೋಸ್ ಅಪ್‌ಡೇಟನ್ನೂ ನಿಲ್ಲಿಸಿ. ಮೊಬೈಲ್‌ನಲ್ಲಿ ಮಾಡುವವರು ಏರೋಪ್ಲೇನ್ ಮೋಡ್ ಹಾಕಿ ಬ್ಲೂಟೂತ್ ಮಾತ್ರ ಆನ್ ಮಾಡಿಕೊಳ್ಳಿ. ಆ್ಯಪ್‌ಗೆ ಇಂಟರ್ನೆಟ್ ಬೇಕಿದ್ದರೆ ವೈಫೈಯನ್ನೂ ಆನ್ ಇಡಿ. ಬರೆಯುವ ನಡುವೆ ಕರೆ ಬಂದು ಆ್ಯಪ್ ಹಿಂದೆ ಸರಿಯಬಾರದು.

ನಕಲು ತೆಗೆದಿಟ್ಟುಕೊಳ್ಳಿ

ವಿಸಿಡಿಎಸ್ ತೆರೆದು ಮೊದಲು ಆಟೊ-ಸ್ಕ್ಯಾನ್ ಮಾಡಿ. ಕೆಲವು ನಿಮಿಷಗಳಲ್ಲಿ ಕಾರಿನ ಎಲ್ಲ ಮಾಡ್ಯೂಲ್‌ಗಳ ಪಟ್ಟಿ, ಪ್ರತಿಯೊಂದರ ಪಾರ್ಟ್ ನಂಬರ್, ಈಗಿರುವ ಕೋಡಿಂಗ್, ದೋಷದ ಕೋಡ್ ಎಲ್ಲ ಬರುತ್ತದೆ. ಇದನ್ನು ಸೇವ್ ಮಾಡಿ, ನಿಮಗೇ ಇಮೇಲ್ ಮಾಡಿಕೊಳ್ಳಿ, ಸಾಧ್ಯವಾದರೆ ಒಂದು ಪ್ರತಿ ಪ್ರಿಂಟ್ ತೆಗೆಯಿರಿ. ಈ ಕಾಗದವೇ ನಿಮ್ಮ ವಿಮೆ. ಫೋರ್‌ಸ್ಕ್ಯಾನ್‌ನಲ್ಲಾದರೆ ಪ್ರತಿ ಮಾಡ್ಯೂಲಿನ ‘ಆ್ಯಸ್ ಬಿಲ್ಟ್’ ಮಾಹಿತಿಯನ್ನು ಓದಿ ಫೈಲ್ ಆಗಿ ಉಳಿಸುವ ಬಟನ್ ಇದೆ. ಏನನ್ನೂ ಬದಲಿಸುವ ಮುನ್ನ ಅದನ್ನು ಒತ್ತಿ.

ಈ ಪಟ್ಟಿಯಲ್ಲಿ ಹಳೆಯ ದೋಷಗಳೂ ಸಿಗುತ್ತವೆ. ಪಿ ಅಕ್ಷರದಿಂದ ಶುರುವಾಗುವ ಕೋಡ್ ಎಂಜಿನ್-ಗೇರ್‌ನದು, ಬಿ ಬಾಡಿಯದು, ಸಿ ಚಾಸಿಯದು, ಯು ಮಾಡ್ಯೂಲ್‌ಗಳ ನಡುವಿನ ಮಾತುಕತೆ ಮುರಿದದ್ದು. ಜುಲೈನಲ್ಲಿ ಹಿಂದ್‌ಮಾತಾ ಸರ್ಕಲ್‌ನ ನೀರಿನಲ್ಲಿ ಕಾರು ಓಡಿಸಿದವರಿಗೆ ಯು ಕೋಡ್ ಕಂಡರೆ ಮೊದಲು ಕನೆಕ್ಟರ್‌ಗಳಿಗೆ ನೀರು ಹೊಕ್ಕಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ದೋಷವಿರುವ ಕಾರಿನ ಮೇಲೆ ಕೋಡಿಂಗ್ ಮಾಡಲು ಹೋಗಬೇಡಿ. ಆಮೇಲೆ ಯಾವ ತೊಂದರೆ ಯಾವುದರಿಂದ ಬಂತೆಂದು ಬ್ರಹ್ಮನಿಗೂ ತಿಳಿಯದು.

ಮೊದಲ ಬದಲಾವಣೆ

ನಿರಪಾಯಕಾರಿಯಾದದ್ದರಿಂದ ಕೈ ಪಳಗಿಸಿಕೊಳ್ಳಿ. ಇಗ್ನಿಷನ್ ಹಾಕಿದಾಗ ಮೀಟರಿನ ಮುಳ್ಳುಗಳು ಒಮ್ಮೆ ತುದಿಮುಟ್ಟಿ ಹಿಂದಿರುಗುವ ‘ನೀಡಲ್ ಸ್ವೀಪ್’ ಅಂಥದ್ದು. ಉಪಯೋಗ ಸೊನ್ನೆ, ಆದರೆ ಕೋಡಿಂಗ್ ಹಿಡಿಯಿತೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ವಿಸಿಡಿಎಸ್‌ನಲ್ಲಿ ‘ಸೆಲೆಕ್ಟ್’ ಒತ್ತಿ 17-ಇನ್‌ಸ್ಟ್ರುಮೆಂಟ್ಸ್ ತೆರೆಯಿರಿ. ‘ಕೋಡಿಂಗ್-07’ಕ್ಕೆ ಹೋಗಿ, ಅಲ್ಲಿಂದ ‘ಲಾಂಗ್ ಕೋಡಿಂಗ್ ಹೆಲ್ಪರ್’ ತೆರೆಯಿರಿ. ಮೇಲೆ ಬೈಟ್‌ಗಳ ಸಾಲು, ಕೆಳಗೆ ಪ್ರತಿ ಬಿಟ್‌ನ ಎದುರು ಅದರ ಅರ್ಥ ಬರೆದಿರುತ್ತದೆ. ಗೇಜ್ ಟೆಸ್ಟ್ ಅಥವಾ ನೀಡಲ್ ಸ್ವೀಪ್ ಎಂದಿರುವ ಗೆರೆಗೆ ಗುರುತು ಹಾಕಿ, ಹೆಲ್ಪರ್ ಮುಚ್ಚಿ, ‘ಡೂ ಇಟ್’ ಒತ್ತಿ. ಸ್ವೀಕೃತವಾಯಿತೆಂಬ ಸಂದೇಶ ಬಂದ ಮೇಲೆ ‘ಕ್ಲೋಸ್ ಕಂಟ್ರೋಲರ್’ ಒತ್ತಿ ಹೊರಬಂದು, ಇಗ್ನಿಷನ್ ಆರಿಸಿ ಹಾಕಿ ನೋಡಿ. ಆ ಗೆರೆಯೇ ನಿಮ್ಮ ಮೀಟರಿನಲ್ಲಿ ಇಲ್ಲದಿದ್ದರೆ ಆ ಸೌಲಭ್ಯ ಇಲ್ಲವೆಂದೇ ಅರ್ಥ. ಬೇರೆ ಬಿಟ್‌ಗಳನ್ನು ಒತ್ತಿ ನೋಡುವ ಚಪಲ ಬೇಡ.

ಒಳಗೆ ನಡೆದದ್ದೇನೆಂದು ತಿಳಿದರೆ ಭಯ ಕಡಿಮೆ. ಒಂದು ಬೈಟ್ ಎಂದರೆ ಸ್ವಿಚ್‌ಬೋರ್ಡಿನಲ್ಲಿ ಸಾಲಾಗಿ ಕೂತ ಎಂಟು ಸ್ವಿಚ್‌ಗಳಿದ್ದಂತೆ, ಬಲದಿಂದ ಎಡಕ್ಕೆ 0ಯಿಂದ 7ರವರೆಗೆ ಎಣಿಕೆ. ಪರದೆಯಲ್ಲಿ 8ಎ ಎಂದಿದ್ದರೆ ಸ್ವಿಚ್‌ಗಳ ಸ್ಥಿತಿ 10001010. ಬಿಟ್ 2ನ್ನು ಆನ್ ಮಾಡಿದರೆ 10001110, ಅಂದರೆ 8ಇ. ಉಳಿದ ಏಳು ಸ್ವಿಚ್‌ಗಳು ಇದ್ದ ಹಾಗೇ ಇರಬೇಕು. ಬೇರೊಬ್ಬರ ಕಾರಿನ ಉದ್ದನೆಯ ಕೋಡಿಂಗ್ ಸಾಲನ್ನು ಇಡಿಯಾಗಿ ನಕಲು ಮಾಡಿ ಅಂಟಿಸಬೇಡಿ ಎನ್ನುವುದು ಇದಕ್ಕೇ. ಅವರ ಕಾರಿನಲ್ಲಿ ರೇನ್ ಸೆನ್ಸರ್ ಇದ್ದು ನಿಮ್ಮದರಲ್ಲಿ ಇಲ್ಲದಿದ್ದರೆ, ಇಲ್ಲದ ಸೆನ್ಸರನ್ನು ಹುಡುಕುತ್ತ ನಿಮ್ಮ ಮಾಡ್ಯೂಲ್ ದೋಷ ದಾಖಲಿಸುತ್ತ ಕೂರುತ್ತದೆ.

ಇನ್ನು ಉಪಯೋಗದವು. ದೀಪ, ಕಿಟಕಿ, ಬಾಗಿಲುಗಳ ಬಹುತೇಕ ಸೆಟ್ಟಿಂಗ್ 09-ಸೆಂಟ್ರಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಅಥವಾ 46-ಸೆಂಟ್ರಲ್ ಕನ್ವೀನಿಯನ್ಸ್‌ನಲ್ಲಿ ಇರುತ್ತವೆ. ರಿಮೋಟಿನ ಲಾಕ್ ಬಟನ್ ಒತ್ತಿ ಹಿಡಿದು ಕಿಟಕಿ ಮುಚ್ಚುವುದು ಮುಂಬಯಿ ಮಳೆಗೆ ನಿಜಕ್ಕೂ ಬೇಕಾದದ್ದು. ಕಿಟಕಿಯಲ್ಲಿ ಬೆರಳು ಸಿಕ್ಕರೆ ತಾನಾಗಿ ನಿಲ್ಲುವ ವ್ಯವಸ್ಥೆ ಇದ್ದರೆ ಮಾತ್ರ ಇದನ್ನು ಹಾಕಿ, ಮನೆಯಲ್ಲಿ ಮಕ್ಕಳಿದ್ದರಂತೂ ಎರಡು ಸಲ ಯೋಚಿಸಿ. ಕಾರು ಹೊರಟೊಡನೆ ಬಾಗಿಲು ಲಾಕ್ ಆಗುವುದು ಸಿಗ್ನಲ್‌ಗಳಲ್ಲಿ ಒಳ್ಳೆಯದು, ಕೀ ತೆಗೆದಾಗ ತಾನಾಗಿ ತೆರೆಯುವುದನ್ನೂ ಅದರ ಜೊತೆಗೇ ಹಾಕಿ. ಇಂಡಿಕೇಟರ್ ಮೂರರ ಬದಲು ಐದು ಸಲ ಮಿಣುಕುವುದು, ಇಳಿದ ಮೇಲೂ ದೀಪ ಕೆಲವು ಸೆಕೆಂಡ್ ಉರಿಯುವುದು ಸಂಖ್ಯೆಯ ರೂಪದ ಸೆಟ್ಟಿಂಗ್‌ಗಳು, ಬಿಟ್ ಅಲ್ಲ. ಅವು ‘ಅಡಾಪ್ಟೇಷನ್-10’ ಎಂಬ ಬೇರೆ ಪರದೆಯಲ್ಲಿ ಸಿಗುತ್ತವೆ. ಅಲ್ಲಿ ಹಳೆಯ ಸಂಖ್ಯೆಯನ್ನು ಬರೆದುಕೊಂಡು, ಹೊಸದನ್ನು ‘ಟೆಸ್ಟ್’ ಮಾಡಿ, ನಂತರ ‘ಸೇವ್’ ಮಾಡಿ. ಕೆಲವು ಮಾಡ್ಯೂಲ್ ಲಾಗಿನ್ ಸಂಖ್ಯೆ ಕೇಳುತ್ತವೆ, ತಪ್ಪು ಸಂಖ್ಯೆಗಳನ್ನು ಒತ್ತುತ್ತ ಹೋದರೆ ಮಾಡ್ಯೂಲ್ ಸ್ವಲ್ಪ ಹೊತ್ತು ಯಾರ ಮಾತನ್ನೂ ಕೇಳುವುದಿಲ್ಲ.

ಒಂದು ಸಲ ಕೂತಾಗ ಒಂದೇ ಬದಲಾವಣೆ. ಅದನ್ನು ಒಂದೆರಡು ದಿನ ಓಡಿಸಿ ನೋಡಿ, ಪುಸ್ತಕದಲ್ಲಿ ದಿನಾಂಕ, ಮಾಡ್ಯೂಲ್, ಬೈಟ್, ಹಳೆಯದು, ಹೊಸದು ಎಂದು ಬರೆದ ಮೇಲೇ ಮುಂದಿನದು.

ಕೈ ಹಾಕಬಾರದ ಕಡೆ

01-ಎಂಜಿನ್, 03-ಎಬಿಎಸ್, 15-ಏರ್‌ಬ್ಯಾಗ್, 25-ಇಮೊಬಿಲೈಜರ್, 44-ಸ್ಟೀರಿಂಗ್. ಈ ಐದನ್ನು ಓದಿ, ಬರೆಯಬೇಡಿ. ಸೀಟ್ ಬೆಲ್ಟ್ ಎಚ್ಚರಿಕೆಯನ್ನೂ 80 ಕಿ.ಮೀ. ದಾಟಿದಾಗಿನ ವೇಗದ ಬೀಪನ್ನೂ ಆರಿಸಲು ಹಲವರಿಗೆ ಆಸೆ. ಇವು 2019ರ ಜುಲೈ 1ರಿಂದ ಕಾರುಗಳಿಗೆ ಕಡ್ಡಾಯವಾದ ಸುರಕ್ಷಾ ಅಂಶಗಳು. ಬೆಲ್ಟ್ ಬೀಪ್ ನಿಲ್ಲಿಸುವ ಕ್ಲಿಪ್‌ಗಳನ್ನೇ ಮಾರಾಟದಿಂದ ತೆಗೆಯಲು 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಆದೇಶಿಸಿತ್ತು. ಕ್ಲಿಪ್ ಕೂಡದೆಂದ ಮೇಲೆ ಅದೇ ಕೆಲಸವನ್ನು ಕೋಡಿಂಗ್‌ನಲ್ಲಿ ಮಾಡುವುದು ಜಾಣತನವಲ್ಲ.

ಎಂಜಿನ್‌ನ ಶಕ್ತಿ ಹೆಚ್ಚಿಸುವ ‘ರೀಮ್ಯಾಪ್’ ಈ ಲೇಖನದ ವಿಷಯವಲ್ಲ, ಅದನ್ನು ಮನೆಯಲ್ಲಿ ಮಾಡಬೇಡಿ ಎಂದಷ್ಟೇ ಹೇಳಬೇಕು. ಎಂಜಿನ್ ಸಾಫ್ಟ್‌ವೇರ್ ಎಷ್ಟು ಗಂಭೀರ ಸಂಗತಿ ಎಂಬುದನ್ನು ಫೋಕ್ಸ್‌ವ್ಯಾಗನ್ ಹೊಗೆ ಹಗರಣ ಜಗತ್ತಿಗೆ ಕಲಿಸಿತು. 2015ರ ಡಿಸೆಂಬರ್‌ನಲ್ಲಿ ಆ ಸಮೂಹ ಭಾರತದಲ್ಲೇ 3,23,700 ಡೀಸೆಲ್ ಕಾರುಗಳನ್ನು ಸಾಫ್ಟ್‌ವೇರ್ ತಿದ್ದಲು ಹಿಂದಕ್ಕೆ ಕರೆಯುವುದಾಗಿ ಘೋಷಿಸಿತ್ತು. ಕಂಪನಿ ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ ಅಕ್ರಮ ಮಾರ್ಪಾಡಿಗೆ ತಲಾ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಇದೆ. ಹೊರಗಿನ ದೀಪಗಳ ಬಣ್ಣ, ಪ್ರಖರತೆಯ ತಂಟೆಗೂ ಹೋಗಬೇಡಿ.

ಮುಗಿದ ಮೇಲೆ

ಅಡಾಪ್ಟರನ್ನು ಪೋರ್ಟಿನಲ್ಲೇ ಬಿಡುವುದು ಎಲ್ಲರೂ ಮಾಡುವ ಸೋಮಾರಿತನ. ಆ ಪೋರ್ಟಿನ 16ನೇ ಪಿನ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತಿರುತ್ತದೆ. ಭಾನುವಾರ ಬಿಟ್ಟುಹೋದ ಬ್ಲೂಟೂತ್ ಅಡಾಪ್ಟರ್ ವಾರವಿಡೀ ಬ್ಯಾಟರಿ ಹೀರುತ್ತದೆ. 1234 ಎಂಬ ಪಾಸ್‌ವರ್ಡಿನ ಅಗ್ಗದ ಅಡಾಪ್ಟರ್ ಆದರೆ ಪಕ್ಕದಲ್ಲಿ ನಿಂತವನ ಮೊಬೈಲ್‌ಗೂ ನಿಮ್ಮ ಕಾರು ತೆರೆದ ಪುಸ್ತಕ.

ವಾರಂಟಿ ಇರುವ ಕಾರಾದರೆ ಮೊದಲು ಡೀಲರ್ ಬಳಿ ಕೇಳಿ, ಬೇಡವೆಂದರೆ ಅವಧಿ ಮುಗಿಯುವವರೆಗೆ ಕಾಯಿರಿ. ಸರ್ವಿಸ್ ಸೆಂಟರಿನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದಾಗ ನಿಮ್ಮ ಬದಲಾವಣೆಗಳು ಅಳಿಸಿಹೋಗಬಹುದು. ಅದಕ್ಕಾಗಿ ಅವರೊಡನೆ ಜಗಳ ಬೇಡ, ಪುಸ್ತಕ ನೋಡಿ ಮತ್ತೆ ಹಾಕಿಕೊಳ್ಳಿ. ಕಾರು ಮಾರುವ ದಿನ ಮೂಲ ಕೋಡಿಂಗನ್ನು ಮರಳಿಸಿ, ಇಲ್ಲವಾದರೆ ಆ ಪ್ರಿಂಟನ್ನೂ ಬದಲಾವಣೆಗಳ ಪುಸ್ತಕವನ್ನೂ ಆರ್‌ಸಿ ಜೊತೆಗೇ ಕೊಳ್ಳುವವರ ಕೈಗೆ ಕೊಡಿ.