ಶಾಲೆಯ ವಾಕ್ ಸಹಾಯಕರು: ಕೆಲಸವೆಷ್ಟು, ಹೊಣೆ ಯಾರದು?

ಬನದ ಹುಣ್ಣಿಮೆಗೆ ಬಾದಾಮಿಯ ಬಳಿಯ ಚೊಳಚಗುಡ್ಡದಲ್ಲಿ ಬನಶಂಕರಿಯ ತೇರು ಎಳೆಯುವ ಕಾಲಕ್ಕೆ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಬಂಧುಬಳಗವೆಲ್ಲ ಒಂದೆಡೆ ಸೇರಿ ಹರಿದ್ರಾತೀರ್ಥದ ಸುತ್ತ ಬುತ್ತಿ ಬಿಚ್ಚಿ ಕುಳಿತಾಗ, ಆರೇಳು ವರ್ಷ ತುಂಬಿದರೂ ಮಾತು ತಿಳಿಯಾಗದ ಮಗುವೊಂದು ಆ ಬಳಗದಲ್ಲಿದ್ದರೆ, ಅದರ ತಾಯಿಗೆ ಉಪದೇಶದ ಕೊರತೆಯಾಗುವುದಿಲ್ಲ. “ಬರ್ತಾವ ಬಿಡವಾ, ಅವರಪ್ಪಾನೂ ತಡಾ ಮಾಡೇ ಮಾತಾಡ್ಯಾನ” ಎನ್ನುವವರು ಒಬ್ಬರು. “ಬಜಿ ತೇಯ್ದು ನಾಲಿಗಿಗೆ ಹಚ್ಚು” ಎನ್ನುವವರು ಮತ್ತೊಬ್ಬರು. “ಸಾಲಿಗೇ ಮಾತು ಕಲಸೋರು ಬರ್ತಾರಂತ, ಹೆಡ್‌ಮಾಸ್ತರ್‌ನ ಕೇಳು” ಎನ್ನುವವರು ಮೂರನೆಯವರು. ಈ ಮೂರರಲ್ಲಿ ವಿಚಾರಾರ್ಹವಾದದ್ದು ಕಡೆಯದು. ಆದರೆ ಹಾಗೆ ಬರುವವರು ಯಾರು, ಅವರು ಏನನ್ನು ಮಾಡಬಲ್ಲರು, ಏನನ್ನು ಮಾಡಕೂಡದು, ಅವರ ಬೆನ್ನಿಗೆ ಯಾರು ನಿಂತಿರಬೇಕು ಎಂಬುದನ್ನು ತಿಳಿಯದೆ ಶಾಲೆಯವರಾಗಲಿ ಪಾಲಕರಾಗಲಿ ಮುಂದುವರಿದರೆ, ಒಳ್ಳೆಯ ಉದ್ದೇಶದಿಂದ ಆರಂಭವಾದ ಕಾರ್ಯವು ಮಗುವಿನ ಒಂದೆರಡು ವರ್ಷಗಳನ್ನು ವ್ಯರ್ಥವಾಗಿ ಕಳೆದುಬಿಡುವ ಸಂಭವವುಂಟು.

ವಾಕ್-ಭಾಷಾ ತಜ್ಞರೆಂದರೆ ಪದವಿಪೂರ್ವ ಶಿಕ್ಷಣದ ಅನಂತರ, ಒಂದು ವರ್ಷದ ಇಂಟರ್ನ್‌ಶಿಪ್ಪೂ ಸೇರಿ, ನಾಲ್ಕು ವರ್ಷದ ಬಿಎಎಸ್‌ಎಲ್‌ಪಿ ಪದವಿಯನ್ನು ಮುಗಿಸಿದವರು. ಮೈಸೂರಿನಲ್ಲಿ 1966ರಿಂದ ಈಗಿನ ಹೆಸರಿನಿಂದ ನಡೆದುಬಂದಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, ನಮಗೆ ಹತ್ತಿರದ ಧಾರವಾಡದಲ್ಲಿ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆಯೂ ಇಂಥವರನ್ನು ಸಿದ್ಧಗೊಳಿಸುತ್ತವೆ. ಇವರ ಕೈಕೆಳಗೆ ದುಡಿಯುವ ವಾಕ್ ಸಹಾಯಕರ ಶಿಕ್ಷಣ ಇದಕ್ಕಿಂತ ಕಿರಿದು. ನಮ್ಮ ದೇಶದಲ್ಲಿ ಅದಕ್ಕೆ ಹತ್ತಿರವಾದದ್ದು ಡಿಎಚ್‌ಎಲ್‌ಎಸ್ ಎಂಬ ಒಂದು ವರ್ಷದ ಡಿಪ್ಲೊಮಾ. ಇಬ್ಬರ ಹೆಸರೂ, 1992ರ ಕಾಯ್ದೆಯಂತೆ ರಚಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರ ನೋಂದಣಿ ಪುಸ್ತಕದಲ್ಲಿ ಇರತಕ್ಕದ್ದು. ಅಮೆರಿಕದ ಶಾಲೆಗಳಲ್ಲಿ ‘ವಾಕ್ ಸಹಾಯಕ’ ಎಂಬುದು ಪ್ರತ್ಯೇಕ ಹುದ್ದೆಯಾಗಿಯೇ ನೆಲೆಗೊಂಡಿದೆ. ನಮ್ಮಲ್ಲಿ ಆ ಕೆಲಸ ಡಿಪ್ಲೊಮಾ ಪಡೆದವರು, ಸಮಗ್ರ ಶಿಕ್ಷಣ ಯೋಜನೆಯ ಬಿಐಇಆರ್‌ಟಿಗಳು (ತಾಲೂಕಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು), ವಿಶೇಷ ಶಿಕ್ಷಕರು, ಕೆಲವೆಡೆ ಗ್ರಾಮದ ಪುನರ್ವಸತಿ ಕಾರ್ಯಕರ್ತರು ಎಂಬುದಾಗಿ ಹಲವು ಕೈಗಳಲ್ಲಿ ಹಂಚಿಹೋಗಿದೆ. ಹೆಸರು ಏನೇ ಇರಲಿ, ಅನುಸರಿಸಬೇಕಾದ ಕ್ರಮ ಒಂದೇ.

ಆ ಕ್ರಮದಲ್ಲಿ ಮೊಟ್ಟಮೊದಲನೆಯ ಹೆಜ್ಜೆ ಸಹಾಯಕರನ್ನು ಹುಡುಕುವುದಲ್ಲ, ಮೇಲ್ವಿಚಾರಕ ತಜ್ಞರನ್ನು ಗೊತ್ತುಮಾಡಿಕೊಳ್ಳುವುದು. ನಮ್ಮವರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ: ಯಾರೋ ಒಬ್ಬ ಉತ್ಸಾಹಿ ತರುಣಿ ದೊರೆತಳೆಂದು ಆಕೆಯನ್ನು ನೇಮಿಸಿಕೊಂಡು, ಆಮೇಲೆ ‘ಡಾಕ್ಟರು ಯಾರಾದರೂ ಸಿಕ್ಕರೆ ನೋಡೋಣ’ ಎನ್ನುತ್ತಾರೆ, ಸಿಗುವುದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ವರ್ಷಕ್ಕೊಮ್ಮೆ ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಮಾತಿನ, ಕೇಳ್ವೆಯ ತೊಡಕು ಕಂಡ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ಆ ಕೇಂದ್ರದ ಸಿಬ್ಬಂದಿಯಲ್ಲಿ ವಾಕ್ ಶ್ರವಣ ತಜ್ಞರೊಬ್ಬರು ಇರಬೇಕೆಂಬುದು ಯೋಜನೆಯ ವಿಧಿ. ಆದಕಾರಣ ಮುಖ್ಯೋಪಾಧ್ಯಾಯರು ಬಿಐಇಆರ್‌ಟಿಯ ಮೂಲಕ ಆ ತಜ್ಞರಿಗೆ ಬರೆದು, ತಿಂಗಳಿಗೆ ಎಷ್ಟು ಹೊತ್ತು, ಯಾವ ದಿನ, ಬಂದು ನೋಡುವುದೋ ದೃಶ್ಯಕರೆಯಲ್ಲಿ ನೋಡುವುದೋ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳುವುದು ಯುಕ್ತ. ಅಲ್ಲಿ ಹುದ್ದೆ ತೆರವಾಗಿದ್ದರೆ ನೋಂದಾಯಿತ ಖಾಸಗಿ ತಜ್ಞರನ್ನಾದರೂ, ತಜ್ಞರನ್ನು ತರಬೇತುಗೊಳಿಸುವ ಸಂಸ್ಥೆಯನ್ನಾದರೂ ಕೇಳಬಹುದು. ಬಾಯಿಮಾತಿನ ಒಪ್ಪಿಗೆ ಮಾತ್ರ ಸಲ್ಲದು.

ಎರಡನೆಯದು ಕಿವಿ. ಮಾತು ತಡವಾದ ಯಾವ ಮಗುವಿಗೂ ಶ್ರವಣ ಪರೀಕ್ಷೆಯಾಗದೆ ಪಾಠ ಆರಂಭವಾಗಕೂಡದು. ವರ್ಷಾನುಗಟ್ಟಲೆ ಕಿವಿ ಸೋರಿ ಅರ್ಧ ಕೇಳುವ ಮಗುವನ್ನು ಕನ್ನಡಿಯ ಮುಂದೆ ಕೂರಿಸಿ ಅಕ್ಷರ ಹೇಳಿಸುವುದು ಕ್ರೌರ್ಯಕ್ಕೆ ಸಮೀಪವಾದ ಸಂಗತಿ.

ತೀರ್ಪು ಯಾರದು, ತಾಲೀಮು ಯಾರದು

ಜಾತ್ರೆಗೆ ಬಂದು ಡೇರೆ ಹಾಕುವ ನಾಟಕ ಕಂಪನಿಗಳನ್ನು ಬಲ್ಲ ಓದುಗರಿಗೆ ತಜ್ಞರ ಮತ್ತು ಸಹಾಯಕರ ನಡುವಿನ ಕೆಲಸದ ವಿಭಾಗವನ್ನು ವಿವರಿಸುವುದು ಸುಲಭ: ತಾಲೀಮು ಮಾಡಿಸುವವರು ದಿನವೂ ನಟರೊಡನೆ ಇರುವರಾದರೂ ನಾಟಕವನ್ನು ಬರೆದವರು ಅವರಲ್ಲ, ಪಾತ್ರ ಯಾರಿಗೆಂದು ನಿಶ್ಚಯಿಸುವವರೂ ಅವರಲ್ಲ. (ಕಂಪನಿಗಳಲ್ಲಿ ನಡುನಡುವೆ ಮಾತು ಸೇರಿಸುವುದುಂಟು, ಪ್ರೇಕ್ಷಕರು ಅದಕ್ಕೇ ಸಿಳ್ಳು ಹೊಡೆಯುವುದೂ ಉಂಟು, ಚಿಕಿತ್ಸೆಯಲ್ಲಿ ಆ ಸ್ವಾತಂತ್ರ್ಯವಿಲ್ಲ.) ಮಗುವಿನ ತೊಂದರೆ ಏನೆಂದು ಹೆಸರಿಡುವುದು, ಪರೀಕ್ಷೆಯ ಫಲಿತವನ್ನು ಅರ್ಥೈಸುವುದು, ಚಿಕಿತ್ಸಾ ಯೋಜನೆ ಬರೆಯುವುದು, ಅದನ್ನು ಬದಲಿಸುವುದು, ‘ಇನ್ನು ಸಾಕು’ ಎಂದು ಮುಗಿಸುವುದು, ಮುಂದೆ ಎಷ್ಟರಮಟ್ಟಿಗೆ ಸುಧಾರಿಸೀತೆಂದು ಪಾಲಕರಿಗೆ ಭವಿಷ್ಯ ನುಡಿಯುವುದು, ನುಂಗುವ ತೊಂದರೆಯ ಮಗುವಿಗೆ ಏನನ್ನು ಹೇಗೆ ಉಣಿಸಬೇಕೆಂದು ನಿರ್ಣಯಿಸುವುದು, ಇವೆಲ್ಲ ತಜ್ಞರಿಗೆ ಮಾತ್ರ ವಿಹಿತವಾದವು. ತಜ್ಞರು ಬರೆದುಕೊಟ್ಟ ಅಭ್ಯಾಸವನ್ನು ಯಥಾವತ್ತಾಗಿ ಮಾಡಿಸುವುದು, ಪ್ರತಿ ಪ್ರಯತ್ನವನ್ನೂ ಗುರುತುಹಾಕುವುದು, ಚಿತ್ರ, ಆಟಿಕೆ, ಕನ್ನಡಿಗಳನ್ನು ಸಿದ್ಧವಾಗಿಡುವುದು, ಶ್ರವಣಯಂತ್ರದ ಸೆಲ್ಲು ನಡೆಯುತ್ತಿದೆಯೇ ಎಂದು ಬೆಳಗ್ಗೆ ನೋಡುವುದು, ತರಗತಿಯ ಶಿಕ್ಷಕರಿಗೆ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಲು ನೆನಪಿಸುವುದು, ಇವು ಸಹಾಯಕರ ಕೆಲಸ. ಪಟ್ಟಿಯಲ್ಲಿ ಇದು ಕಿರಿದಾಗಿ ಕಂಡೀತು. ಮಗುವಿನ ನಾಲಿಗೆ ತಿರುಗುವುದು ಮಾತ್ರ ಈ ನಿತ್ಯಾಭ್ಯಾಸದಿಂದಲೇ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಎರಡನೆಯ ಇಯತ್ತೆಯ ಹುಡುಗನೊಬ್ಬ ‘ಕ’ ಬರಬೇಕಾದೆಡೆ ‘ತ’ ಎನ್ನುತ್ತಾನೆಂದು ಭಾವಿಸಿ: ಕಾಗಿ ‘ತಾಗಿ’ಯಾಗುತ್ತದೆ, ಕೋಳಿ ‘ತೋಳಿ’ಯಾಗುತ್ತದೆ, ಕೈ ‘ತೈ’ ಆಗುತ್ತದೆ. ಶ್ರವಣ ಸರಿಯಿದೆ, ಅಂಗುಳ ಸರಿಯಿದೆ ಎಂದು ಕಂಡುಕೊಂಡ ತಜ್ಞರು ಒಂದು ಹಾಳೆಯಲ್ಲಿ ಹೀಗೆ ಬರೆದುಕೊಡುತ್ತಾರೆ: ಗುರಿ, ಪದದ ಮೊದಲಲ್ಲಿ ಬರುವ ‘ಕ’, ಚಿತ್ರಗಳು ಐದು, ಒಂದೊಂದನ್ನು ನಾಲ್ಕು ಸಲ, ಒಟ್ಟು 20 ಪ್ರಯತ್ನ, ತಾನಾಗಿ ಸರಿ ಹೇಳಿದರೆ ಕೂಡಿಸುವ ಗುರುತು, ತಪ್ಪಿದರೆ ಕಳೆಯುವ ಗುರುತು, ಸಹಾಯಕರು ಹೇಳಿಕೊಟ್ಟ ಮೇಲೆ ಹೇಳಿದರೆ ಸೊನ್ನೆ, ಸತತ ಮೂರು ಸಲ 20ಕ್ಕೆ 16 ಬಂದರೆ ವಾಕ್ಯದ ಹಂತಕ್ಕೆ ಹೋಗುವುದು, ಎರಡು ಸಲ 10ಕ್ಕಿಂತ ಕಡಿಮೆಯಾದರೆ ಅಭ್ಯಾಸವನ್ನು ನಿಲ್ಲಿಸಿ ತಜ್ಞರಿಗೆ ಫೋನ್ ಮಾಡುವುದು. ಸಹಾಯಕಿ ಹುಡುಗನ ಎದುರಿಗೆ, ಅವನ ಕಣ್ಣಿನ ಮಟ್ಟಕ್ಕೆ ನೆಲದ ಮೇಲೆ ಕೂರುತ್ತಾಳೆ. ಕಾಗೆಯ ಚಿತ್ರ ತೋರಿಸುತ್ತಾಳೆ. ‘ತಾಗಿ’ ಎಂದಾಗ ನಗುವುದಿಲ್ಲ, ಗದರುವುದಿಲ್ಲ, ಹಾಳೆಯ ಮೇಲೆ ಗುರುತು ಹಾಕಿ, ತಾನೊಮ್ಮೆ ಬಾಯಿ ತೆರೆದು ‘ಕಾಗಿ’ ಎಂದು ನಿಧಾನವಾಗಿ ಹೇಳಿ, ಮತ್ತೆ ಅವನ ಸರದಿಗೆ ಬಿಡುತ್ತಾಳೆ. ಹುಡುಗನ ಬಾಯೊಳಗೆ ಚಮಚವಾಗಲಿ ಬೆರಳಾಗಲಿ ಹಾಕಿ ನಾಲಿಗೆಯನ್ನು ಒತ್ತುವ ಉಪಾಯ ಹಾಳೆಯಲ್ಲಿ ಬರೆದಿಲ್ಲವಾದರೆ, ಎಲ್ಲಿಯೋ ವಿಡಿಯೊದಲ್ಲಿ ಕಂಡದ್ದೆಂದು ಅದನ್ನು ಪ್ರಯೋಗಿಸತಕ್ಕದ್ದಲ್ಲ. ಇಪ್ಪತ್ತೈದು ನಿಮಿಷ ಸಾಕು. ಬಿಸಿಯೂಟದ ಒಗ್ಗರಣೆಯ ವಾಸನೆ ಬರುವ ಹೊತ್ತಿಗೆ ಯಾವ ಮಗುವೂ ‘ಕ’ ಹೇಳುವುದಿಲ್ಲವಾದ್ದರಿಂದ ಅಭ್ಯಾಸವನ್ನು ಬೆಳಗಿನ ಹೊತ್ತಿನಲ್ಲಿಟ್ಟುಕೊಳ್ಳುವುದು ಲೇಸು. ಆಟದ ಪಿರಿಯಡ್ಡನ್ನು ಕಸಿದುಕೊಂಡು ಮಾಡಿಸಿದರೆ ಮಗು ಮಾತನ್ನೇ ದ್ವೇಷಿಸೀತು.

ಮೇಲ್ವಿಚಾರಣೆಯ ಲೆಕ್ಕ

ಎಷ್ಟು ಮೇಲ್ವಿಚಾರಣೆ ಸಾಕು ಎಂಬ ಪ್ರಶ್ನೆಗೆ ಅಮೆರಿಕದ ವಾಕ್-ಭಾಷಾ-ಶ್ರವಣ ಸಂಘವು 2013ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೊಂದು ಸ್ಪಷ್ಟವಾದ ಅಳತೆಯನ್ನು ಕೊಟ್ಟಿತು: ಸಹಾಯಕರ ಮೊದಲ 90 ಕೆಲಸದ ದಿನಗಳಲ್ಲಿ ಒಟ್ಟು ಶೇ. 30ರಷ್ಟು, ಅದರಲ್ಲಿ ಶೇ. 20 ಕಣ್ಣೆದುರಿನ ಪ್ರತ್ಯಕ್ಷ ಮೇಲ್ವಿಚಾರಣೆ, ಆಮೇಲೆ ಶೇ. 20, ಅದರಲ್ಲಿ ಅರ್ಧ ಪ್ರತ್ಯಕ್ಷ, ಅರ್ಧ ಪರೋಕ್ಷ. ಒಬ್ಬ ತಜ್ಞರ ಕೈಕೆಳಗೆ ಪೂರ್ಣಾವಧಿಯ ಇಬ್ಬರಿಗಿಂತ ಹೆಚ್ಚು ಸಹಾಯಕರು ಇರಕೂಡದೆಂದೂ ಅದು ಆಗ ಹೇಳಿತ್ತು. ಇದು ನಮ್ಮ ಕಾನೂನಲ್ಲ. ಆದರೂ ಒಂದು ಮಾನದಂಡವನ್ನಾಗಿ ಹಿಡಿದು ಲೆಕ್ಕ ಹಾಕುವುದರಲ್ಲಿ ತಪ್ಪಿಲ್ಲ. ವಾರಕ್ಕೆ 30 ಗಂಟೆ ದುಡಿಯುವ ಸಹಾಯಕರಿಗೆ ಆರಂಭದಲ್ಲಿ 6 ಗಂಟೆ ಪ್ರತ್ಯಕ್ಷ, 3 ಗಂಟೆ ಪರೋಕ್ಷ. ಪಳಗಿದ ಮೇಲೆ 3 ಗಂಟೆ ಪ್ರತ್ಯಕ್ಷ, 3 ಗಂಟೆ ಪರೋಕ್ಷ. ಬಾಗಲಕೋಟೆಯಲ್ಲಿ ಕುಳಿತ ತಜ್ಞರು ಹುನಗುಂದ ತಾಲೂಕಿನ ಹಳ್ಳಿಗೆ ವಾರಕ್ಕೆ 6 ಗಂಟೆ ಬರುವುದು ಆಗದ ಮಾತೆಂದು ಯಾರಾದರೂ ಹೇಳಿಯಾರು. ಒಪ್ಪೋಣ. ನೇರ ದೃಶ್ಯಕರೆಯಲ್ಲಿ ಪಾಠವನ್ನು ನೋಡುವುದನ್ನೂ ಪ್ರತ್ಯಕ್ಷವೆಂದೇ ಗಣಿಸಬಹುದು. ಮೈಸೂರಿನ ಸಂಸ್ಥೆ ಚಿಕಿತ್ಸೆಯನ್ನೇ ದೂರಸಂಪರ್ಕದ ಮೂಲಕ ನಡೆಸುತ್ತಿರುವ ಕಾಲವಿದು. ಆದರೆ ತಜ್ಞರು ಮಗುವನ್ನು ಎಂದೂ ನೋಡದೆ, ತಿಂಗಳ ಕೊನೆಗೆ ಪುಸ್ತಕಕ್ಕೆ ಸಹಿ ಹಾಕುವುದನ್ನು ಮೇಲ್ವಿಚಾರಣೆ ಎಂದು ಕರೆಯುವುದು ಆತ್ಮವಂಚನೆ.

ಇಲ್ಲಿ ಎರಡು ಬಗೆಯ ಅಧಿಕಾರಗಳು ಬೆರೆತುಹೋಗದಂತೆ ನೋಡಿಕೊಳ್ಳಬೇಕು. ಸಹಾಯಕರು ಹೊತ್ತಿಗೆ ಬಂದರೇ, ರಜೆ ಎಷ್ಟು, ಕೋಣೆ ಯಾವುದು ಎಂಬುದು ಮುಖ್ಯೋಪಾಧ್ಯಾಯರ ಅಧೀನ; ಮಗುವಿಗೆ ಏನು ಕಲಿಸಬೇಕೆಂಬುದು ತಜ್ಞರ ಅಧೀನ. ಬಿಐಇಆರ್‌ಟಿ ಇಬ್ಬರ ನಡುವಿನ ಸೇತುವೆಯೇ ಹೊರತು ಯಾರ ಬದಲಿಯೂ ಅಲ್ಲ. ಶಿಕ್ಷಕರೊಬ್ಬರು ರಜೆ ಹಾಕಿದ ದಿನ ಸಹಾಯಕರನ್ನು ಮೂರನೆಯ ಇಯತ್ತೆಗೆ ಕಳುಹಿಸುವುದು, ಅಂಕಪಟ್ಟಿ ತುಂಬಿಸುವುದು, ಅತಿಥಿಗಳು ಬಂದಾಗ ಚಹಾ ತರಿಸುವುದು ನಮ್ಮ ಕಡೆ ಅಪರೂಪವೇನಲ್ಲ. ಒಂದೆರಡು ದಿನ ಸಹಿಸಬಹುದಾದ ಈ ಅಭ್ಯಾಸವು ಪದ್ಧತಿಯಾದರೆ ಮಕ್ಕಳ ಹಾಳೆಗಳು ಖಾಲಿ ಉಳಿಯುತ್ತವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಹಾಜರಿ ಪುಸ್ತಕವನ್ನು ನೋಡುವಷ್ಟೇ ಆಸಕ್ತಿಯಿಂದ ಆ ಹಾಳೆಗಳ ದಿನಾಂಕಗಳನ್ನು ನೋಡುವುದಾದರೆ ಈ ರೋಗಕ್ಕೆ ಬೇರೆ ಔಷಧ ಬೇಕಿಲ್ಲ.

ಮೇಲ್ವಿಚಾರಕರು ಬಂದ ದಿನ ಮಾಡಬೇಕಾದದ್ದು ಇಷ್ಟು: ಸಹಾಯಕರೊಡನೆ ಏಕಕಾಲದಲ್ಲಿ, ಪ್ರತ್ಯೇಕ ಹಾಳೆಯ ಮೇಲೆ, ಅದೇ 20 ಪ್ರಯತ್ನಗಳಿಗೆ ತಾವೂ ಗುರುತು ಹಾಕಿ ಹೋಲಿಸಿ ನೋಡುವುದು. ಸಹಾಯಕರು 17 ಸರಿ ಎಂದಲ್ಲಿ ತಜ್ಞರಿಗೆ 11 ಮಾತ್ರ ಸರಿಯೆನಿಸಿದರೆ ಸಹಾಯಕರ ಕಿವಿಯನ್ನು ಮೊದಲು ಪಳಗಿಸಬೇಕು. ಇದರಲ್ಲಿ ಅವಮಾನವೇನೂ ಇಲ್ಲ; ಮಗುವಿನ ಮೇಲಿನ ಅಕ್ಕರೆಯಿಂದ ಕಿವಿ ಮೃದುವಾಗುವುದು ಸಹಜ.

ನಮ್ಮ ಸೀಮೆಯ ಮಾತು

ಈ ಪ್ರಾಂತದಲ್ಲಿ ಸ್ಥಳೀಯರೇ ಸಹಾಯಕರಾಗಿರುವುದರ ದೊಡ್ಡ ಲಾಭವೆಂದರೆ, ಯಾವುದು ದೋಷ, ಯಾವುದು ಸೀಮೆಯ ನುಡಿ ಎಂಬ ವಿವೇಚನೆ ಅವರಿಗೆ ಹುಟ್ಟಿನಿಂದ ಬಂದಿರುವುದು. ಕನ್ನಡದ ಉಚ್ಚಾರಣೆಯನ್ನು ಅಳೆಯುವ ಪರೀಕ್ಷೆ 1972ರಷ್ಟು ಹಿಂದೆಯೇ ಸಿದ್ಧವಾಗಿದ್ದರೂ, ಚಿತ್ರ ತೋರಿಸಿ ‘ಮನೆ’ ಎಂಬ ಉತ್ತರವನ್ನು ನಿರೀಕ್ಷಿಸುವವರ ಮುಂದೆ ಬಾದಾಮಿಯ ಮಗು ‘ಮನಿ’ ಎನ್ನುತ್ತದೆ. ‘ಇದೆ’ ಎನ್ನುವಲ್ಲಿ ‘ಐತಿ’ ಎನ್ನುತ್ತದೆ. ಇದಕ್ಕೆ ಕಳೆಯುವ ಗುರುತು ಹಾಕುವವರ ನಾಲಿಗೆಯನ್ನೇ ತಿದ್ದಬೇಕು. ಮನೆಯಲ್ಲಿ ಉರ್ದು ಆಡುವ ಮಗು ‘ಹಳ್ಳಿ’ಯನ್ನು ‘ಹಲ್ಲಿ’ ಎಂದರೆ ಅದು ಎರಡನೆಯ ಭಾಷೆಯ ಕಲಿಕೆಯ ಲಕ್ಷಣವಿರಬಹುದು, ರೋಗವಲ್ಲ. ತಾಂಡಾದಿಂದ ಬರುವ ಮಗು ಲಂಬಾಣಿಯಲ್ಲಿ ನಿರರ್ಗಳವಾಗಿ ಮಾತನಾಡಿ ಕನ್ನಡದಲ್ಲಿ ಮೌನಿಯಾಗಿದ್ದರೆ ಅದನ್ನೂ ಚಿಕಿತ್ಸೆಯ ಪಟ್ಟಿಗೆ ಸೇರಿಸುವ ಆತುರ ಬೇಡ. ಮನೆಯ ಮಾತಿನಲ್ಲಿ ಮಗು ಹೇಗೆ ಆಡುತ್ತದೆಂದು ತಾಯಿಯನ್ನು ಕೇಳಿ, ಉತ್ತರವನ್ನು ಬರೆದು, ತಜ್ಞರಿಗೆ ತಲುಪಿಸುವುದು ಸಹಾಯಕರ ಕರ್ತವ್ಯ, ನಿರ್ಣಯ ತಜ್ಞರದು.

ಪಾಲಕರೊಡನೆ ಆಡುವ ಮಾತಿಗೂ ಗಡಿಯುಂಟು. “ಮೇಡಂ, ನಮ್ಮ ಹುಡುಗ ಸುದ್ದ ಮಾತಾಡ್ತಾನೇನ್ರಿ?” ಎಂದು ತಾಯಿ ಕಣ್ತುಂಬಿ ಕೇಳಿದಾಗ ‘ಆಗ್ತದರೀ’ ಎಂದುಬಿಡುವುದು ಸುಲಭ, ಮಾನವೀಯವೂ ಹೌದು. ಆದರೂ ಹೇಳಬೇಕಾದದ್ದು: “ಈ ವಾರ ಇಪ್ಪತ್ತರಾಗ ಹದಿಮೂರು ಸರಿ ಅಂದಾನರೀ, ಮುಂದಿಂದು ಡಾಕ್ಟರು ಬಂದಾಗ ಅವರನ್ನ ಕೇಳೋಣು.” ಅಭ್ಯಾಸದ ವಿಡಿಯೊ ತೆಗೆಯುವುದಾದರೆ ಪಾಲಕರ ಲಿಖಿತ ಒಪ್ಪಿಗೆ ಬೇಕು, ಮತ್ತು ಅದು ತಜ್ಞರಿಗೆ ಮಾತ್ರ ಹೋಗತಕ್ಕದ್ದು, ಶಾಲೆಯ ವಾಟ್ಸಾಪ್ ಬಳಗಕ್ಕೆ ಹಾಕಿ ಮೆಚ್ಚುಗೆ ಗಳಿಸುವ ವಸ್ತು ಅದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವಾಕ್ ಮತ್ತು ಭಾಷಾ ವೈಕಲ್ಯವನ್ನು ತನ್ನ 21 ಬಗೆಗಳಲ್ಲಿ ಒಂದಾಗಿ ಎಣಿಸಿದೆ. ಪ್ರಮಾಣಪತ್ರ ಬೇಕೆನ್ನುವ ಪಾಲಕರನ್ನು ವೈದ್ಯಕೀಯ ಮಂಡಳಿಯ ದಾರಿ ಹಿಡಿಸಬೇಕೇ ವಿನಾ ಶೇಕಡಾ ಎಷ್ಟೆಂದು ಸಹಾಯಕರು ಊಹಿಸಿ ಹೇಳಕೂಡದು.

ಕಡೆಗೆ ಕಡತದ ವಿಚಾರ. ಪ್ರತಿ ಮಗುವಿಗೂ ಒಂದು ಫೈಲು: ಶ್ರವಣ ಪರೀಕ್ಷೆಯ ವರದಿ, ತಜ್ಞರ ಯೋಜನೆ, ದಿನದ ಹಾಳೆಗಳು, ಮೇಲ್ವಿಚಾರಣೆಯ ದಿನಾಂಕ ಮತ್ತು ಸಹಿ, ಪಾಲಕರ ಒಪ್ಪಿಗೆ. ತಜ್ಞರು ವರ್ಗವಾಗಿ ಹೋಗಿ ಹೊಸಬರು ಬರುವವರೆಗೆ, ಸಹಾಯಕರು ಈಗಾಗಲೇ ಸಾಧಿಸಿದ ಹಂತವನ್ನು ಉಳಿಸಿಕೊಳ್ಳುವ ಅಭ್ಯಾಸವನ್ನು ಹೋಗುವವರಿಂದಲೇ ಬರೆಸಿಕೊಂಡು ಅಷ್ಟನ್ನೇ ಮಾಡಿಸಬೇಕು. ಹೊಸ ಹಂತಕ್ಕೆ ಕೈಹಾಕಬಾರದು, ಹೊಸ ಮಗುವನ್ನು ಸೇರಿಸಿಕೊಳ್ಳಬಾರದು. ಮಗು ಏಳನೆಯ ಇಯತ್ತೆ ಮುಗಿಸಿ ಹೈಸ್ಕೂಲಿಗೆ ಹೋಗುವಾಗ ಮೂಲ ಫೈಲನ್ನು ಟಿಸಿಯ ಜೊತೆಗೆ ಕಳುಹಿಸಿ, ಒಂದು ಝೆರಾಕ್ಸ್ ಪ್ರತಿಯನ್ನು ತಾಯಿಯ ಕೈಗೆ ಕೊಟ್ಟು ಸಹಿ ಪಡೆಯಿರಿ.