ನಿರ್ಮಾಣ ನಿರ್ವಹಣೆಯ ವ್ಯಾಸಂಗ: ಒಂದು ಶೀತಲಗೃಹದ ಲೆಕ್ಕ

ತಿಕೋಟಾ ಭಾಗದಲ್ಲಿ ಒಣದ್ರಾಕ್ಷಿಗಾಗಿ ಶೀತಲಗೃಹ ಕಟ್ಟಿಸುವ ವರ್ತಕರು ಗುತ್ತಿಗೆದಾರರನ್ನು ಮೊದಲು ಕೇಳುವುದು ಚದರಡಿಯ ದರವನ್ನು. ಹಂಗಾಮಿಗೆ ಮುನ್ನ, ಅಂದರೆ ಫೆಬ್ರವರಿಯೊಳಗೆ, ಕಟ್ಟಡ ಕೈಗೆ ಬರುವುದೇ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಅದಕ್ಕೆ ಲೆಕ್ಕ ಹಾಕಿ ಉತ್ತರಿಸುವುದನ್ನು ಕಲಿಸುವ ಶಾಸ್ತ್ರವೇ ನಿರ್ಮಾಣ ನಿರ್ವಹಣೆ.

ಕಲ್ಪಿತ ಅಂಕಿಗಳ ಒಂದು ಉದಾಹರಣೆಯನ್ನು ನೋಡಬಹುದು. ಕಾಮಗಾರಿ ಆಗಸ್ಟ್ 1ರಂದು ಆರಂಭ. ಬುನಾದಿಯಿಂದ ಛಾವಣಿಯವರೆಗೆ 110 ದಿನ, ಉಷ್ಣನಿರೋಧಕ ಫಲಕಗಳಿಗೆ 20, ಯಂತ್ರ ಜೋಡಣೆಗೆ 15. ಒಟ್ಟು 145 ದಿನ. ವಿದ್ಯುತ್ ಮಂಜೂರಾತಿ ಹಾಗೂ ಟ್ರಾನ್ಸ್‌ಫಾರ್ಮರಿಗೆ ಪ್ರತ್ಯೇಕವಾಗಿ 160 ದಿನ, ಕೊನೆಯ ಪರೀಕ್ಷೆಗೆ 5 ದಿನ. ವಿದ್ಯುತ್ತಿನ ಅರ್ಜಿಯನ್ನು ಮೊದಲ ದಿನವೇ ಸಲ್ಲಿಸಿದರೆ 165 ದಿನಗಳಲ್ಲಿ, ಜನವರಿ ಮಧ್ಯದೊಳಗೆ, ಕಟ್ಟಡ ಸಿದ್ಧ. ಛಾವಣಿ ಮುಗಿದ ಮೇಲೆ ಸಲ್ಲಿಸಿದರೆ 275 ದಿನ. ಆಗ ಮೇ ತಿಂಗಳು, ಮಾಲು ಬೇರೆಯವರ ಗೋದಾಮು ಸೇರಿರುತ್ತದೆ. 1 ಕೋಟಿ ರೂಪಾಯಿ ಸಾಲಕ್ಕೆ ಶೇ. 10ರ ದರದಲ್ಲಿ ಆ 110 ದಿನಗಳ ಬಡ್ಡಿಯೇ ಸುಮಾರು 3 ಲಕ್ಷ ರೂಪಾಯಿ. ಹಂಗಾಮಿನ ಬಾಡಿಗೆಯ ನಷ್ಟ ಬೇರೆ.

ಮೊದಲ ಸಂದರ್ಭದಲ್ಲಿ ಗೌಂಡಿಗಳಿಗೆ ಹೆಚ್ಚಿನ ಪಗಾರ ಕೊಟ್ಟು 15 ದಿನ ಉಳಿಸಿದರೂ ಕಟ್ಟಡ ಒಂದು ದಿನವೂ ಮುಂಚೆ ತೆರೆಯದು ಎಂಬುದನ್ನು ಗಮನಿಸಬೇಕು. ವಿಳಂಬವನ್ನು ನಿರ್ಧರಿಸುವ ಈ ಸರಣಿಗೆ ನಿರ್ಣಾಯಕ ಪಥವೆಂದು ಹೆಸರು. 1957ರ ಸುಮಾರಿಗೆ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ರೂಪುಗೊಂಡ ಈ ವಿಧಾನ ಇಂದಿಗೂ ಪಠ್ಯಕ್ರಮದ ಬೆನ್ನೆಲುಬು.

ಅನುಭವಿ ಮೇಸ್ತ್ರಿಗೆ ಎರೆಮಣ್ಣಿನ ಗುಣ ಪುಸ್ತಕಕ್ಕಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಆ ನೆಲದಲ್ಲಿ ಬುನಾದಿ ಎಷ್ಟು ಆಳಕ್ಕಿಳಿಯಬೇಕೆಂದು ಆತ ಕಣ್ಣಳತೆಯಲ್ಲೇ ಹೇಳಬಲ್ಲ. ಆದರೆ ಸರಕಾರಿ ಬಿಲ್ಲು ತಡವಾದಾಗ, ಭದ್ರತಾ ಠೇವಣಿ ಸಿಕ್ಕಿಕೊಂಡಾಗ, ಕೂಲಿಗೆ ಹಣ ಎಲ್ಲಿಂದ ಎಂಬ ಲೆಕ್ಕ ಆತನ ಬಳಿ ಇರುವುದಿಲ್ಲ. ಲಾಭ ತೋರಿಸುವ ಗುತ್ತಿಗೆದಾರರೂ ಮುಗ್ಗರಿಸುವುದು ಸಾಮಾನ್ಯವಾಗಿ ಇಲ್ಲಿಯೇ. ತುಬಚಿ–ಬಬಲೇಶ್ವರ ಏತ ನೀರಾವರಿಯಂಥ ಕಾಮಗಾರಿಗಳಲ್ಲಿ ಉಪಗುತ್ತಿಗೆ ಹಿಡಿಯುವವರಿಗಂತೂ ನಗದು ಹರಿವಿನ ಪಟ್ಟಿ ಅನಿವಾರ್ಯ.

ವಿಜಯಪುರದಲ್ಲಿಯೇ 1980ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಪದವಿಯುಂಟು. ಡಿಪ್ಲೊಮಾ ಪಡೆದವರಿಗೆ ಪ್ರವೇಶ ಪರೀಕ್ಷೆಯ ಮೂಲಕ ಎರಡನೆಯ ವರ್ಷಕ್ಕೆ ನೇರ ಪ್ರವೇಶ ದೊರೆಯುತ್ತದೆ. ನಿರ್ವಹಣೆಯನ್ನೇ ವಿಶೇಷವಾಗಿ ಕಲಿಯಬಯಸುವವರಿಗೆ 1983ರಲ್ಲಿ ಸ್ಥಾಪನೆಯಾದ ನಿಕ್ಮಾರ್ ಇದ್ದು, ಅದರ ಪುಣೆ ಕೇಂದ್ರ ಈಗ ವಿಶ್ವವಿದ್ಯಾಲಯವಾಗಿದೆ. ಪದವಿಯ ಬಳಿಕ ಒಂದೆರಡು ವರ್ಷ ಕಾಮಗಾರಿಯ ಸ್ಥಳದಲ್ಲಿ ದುಡಿದು ಅನಂತರ ಸ್ನಾತಕೋತ್ತರಕ್ಕೆ ಹೋಗುವುದು ಲೇಸು. ರಜೆಯ ದಿನಗಳಲ್ಲಿ ತಂದೆಯ ಅಳತೆ ಪುಸ್ತಕವನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಎದುರುಬದುರು ಇಟ್ಟು ನೋಡುವ ವಿದ್ಯಾರ್ಥಿಗೆ ಶುಲ್ಕದ ಹಣ ಎಲ್ಲಿ ಮರಳುವುದೆಂದು ಆಗಲೇ ಕಾಣಿಸತೊಡಗುತ್ತದೆ.